ರಾಜಸ್ಥಾನದ ಪಾಠ: ಮರಳಿಗಿಂತ ಮೊದಲು ಬೆಟ್ಟ

ಚಿಕ್ಕ ಮಕ್ಕಳಿಗೆ ರಾಜಸ್ಥಾನ ಹೇಳಿಕೊಡುವಾಗ ಮರಳು, ಒಂಟೆಯಿಂದ ಶುರು ಮಾಡಬೇಡಿ, ಅರಾವಳಿ ಬೆಟ್ಟಸಾಲಿನಿಂದ ಮಾಡಿ. ದೊಡ್ಡ ತಟ್ಟೆಯಲ್ಲಿ ಸುರುಳಿ ಸುತ್ತಿದ ಟವಲನ್ನು ಎಡಗಡೆ ಕೆಳಮೂಲೆಯಿಂದ ಬಲಗಡೆ ಮೇಲ್ಮೂಲೆಗೆ ಓರೆಯಾಗಿ ಇಡಿ, ಇದೇ ಅರಾವಳಿ. ಕೆಳಮೂಲೆಯಲ್ಲಿ ಒಂದು ಹಿಡಿ ರವೆ ಹಾಕಿ, ಇದು ಅರಬ್ಬಿ ಸಮುದ್ರದ ಮೋಡ ಎನ್ನಿ. ಮಗು ಅಲ್ಲಿಂದ ಊದಿದರೆ ರವೆ ಟವಲಿನ ಪಕ್ಕದಲ್ಲೇ ಸರಿದು ಮುಂದೆ ಹೋಗುತ್ತದೆ. ಟವಲನ್ನು ಗಾಳಿಗೆ ಅಡ್ಡ ತಿರುಗಿಸಿ ಮತ್ತೆ ಊದಿಸಿ, ರವೆ ಅಲ್ಲೇ ಗುಡ್ಡೆಯಾಗುತ್ತದೆ. ನಮ್ಮ ಸಹ್ಯಾದ್ರಿ ನಿಂತಿರುವುದು ಹೀಗೆ. ಆಗುಂಬೆಯಲ್ಲಿ ಅಷ್ಟು ಮಳೆ, ಜೈಸಲ್ಮೇರ್‌ನಲ್ಲಿ ಇಷ್ಟು ಕಡಿಮೆ ಯಾಕೆ ಅಂತ ಮಕ್ಕಳೇ ಹೇಳುತ್ತಾರೆ. ಅರಾವಳಿ ಮುಂಗಾರು ಗಾಳಿಯ ದಿಕ್ಕಿನಲ್ಲೇ ಚಾಚಿಕೊಂಡಿದೆ, ಮೋಡವನ್ನು ತಡೆಯುವುದಿಲ್ಲ. ಆಮೇಲೆ ಟವಲನ್ನು ಮೊದಲಿನಂತೆ ಓರೆಯಾಗಿ ಇಟ್ಟು, ಅದರ ಪಶ್ಚಿಮಕ್ಕೆ ಥಾರ್ ಮರುಭೂಮಿ, ಪೂರ್ವಕ್ಕೆ ಚಂಬಲ್ ನದಿ, ಕೋಟಾ ನಗರ ಗುರುತಿಸಿ. ಇದನ್ನು ಬಿಡಲೇಬೇಡಿ, ಇಲ್ಲದಿದ್ದರೆ ಇಡೀ ರಾಜ್ಯವೇ ಮರಳು ಅಂದುಕೊಳ್ಳುತ್ತಾರೆ. ಫ್ಯಾನ್ ಹಾಕಿದ್ದರೆ ಈ ಉಪಾಯ ನಡೆಯುವುದಿಲ್ಲ. ಹಿಟ್ಟು ಬೇಡ, ಕಣ್ಣಿಗೆ ಹಾರುತ್ತದೆ. ಬಂಗಾಳ ಕೊಲ್ಲಿಯ ಮೋಡ ದೂರ ಸಾಗಿ ಬರುವಷ್ಟರಲ್ಲಿ ಬರಿದಾಗುವುದನ್ನು ಮಾತ್ರ ಇದರಲ್ಲಿ ತೋರಿಸಲಾಗದು, ಅದಕ್ಕೆ ಭಾರತದ ನಕಾಶೆಯೇ ಬೇಕು.