ಔಷಧಿ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಆಕ್ಸಿಡೀಕರಣದಿಂದಲೇ? ಡಿಸಿಎಫ್ ಪರೀಕ್ಷೆಯ ಕ್ರಮ

ಕ್ಯಾನ್ಸರ್ ಕೋಶಗಳಲ್ಲಿ ಪೆರಾಕ್ಸೈಡ್ ಹುಟ್ಟುವುದು ಸಾಮಾನ್ಯವಾಗಿ ಹೆಚ್ಚು. ಅದನ್ನು ತಾಳಿಕೊಳ್ಳಲು ಅವು ಗ್ಲುಟಾಥಯೋನ್ ಮತ್ತು ಥಯೋರೆಡಾಕ್ಸಿನ್ ಎಂಬ, ಆಕ್ಸಿಡೀಕರಣ ತಡೆಯುವ ಅಣುಗಳನ್ನು ನೆಚ್ಚಿಕೊಂಡಿರುತ್ತವೆ. ಬಿಎಸ್‌ಒ (ಬ್ಯುಥಯೋನಿನ್ ಸಲ್ಫಾಕ್ಸಿಮೈನ್) ಎಂಬ ರಾಸಾಯನಿಕ ಮೊದಲನೆಯದರ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಸಂಧಿವಾತಕ್ಕೆಂದು 1985ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಚಿನ್ನದ ಔಷಧಿ ಆರನೋಫಿನ್, ಎರಡನೆಯದನ್ನು ಮತ್ತೆ ಸಜ್ಜುಗೊಳಿಸುವ ಥಯೋರೆಡಾಕ್ಸಿನ್ ರಿಡಕ್ಟೇಸ್ ಕಿಣ್ವವನ್ನು ತಡೆಯುತ್ತದೆ. ಎರಡನ್ನೂ ಎ549 ಶ್ವಾಸಕೋಶ ಕ್ಯಾನ್ಸರ್ ಕೋಶಗಳ ಮೇಲೆ ಪ್ರಯೋಗಿಸೋಣ. ಇವು ಹಟಮಾರಿ ಕೋಶಗಳು: ಕೀಪ್1 ಜೀನ್ ಕೆಟ್ಟಿರುವುದರಿಂದ ಆಕ್ಸಿಡೀಕರಣದ ವಿರುದ್ಧದ ರಕ್ಷಣೆಯನ್ನು ಚಾಲೂ ಮಾಡುವ ಎನ್‌ಆರ್‌ಎಫ್2 ಪ್ರೋಟೀನ್ ಸದಾ ಚುರುಕಾಗಿರುತ್ತದೆ.

ತಳ ಪಾರದರ್ಶಕವಾಗಿರುವ 96 ವೆಲ್‌ಗಳ (ಪುಟ್ಟ ಗುಂಡಿಗಳ) ಕಪ್ಪು ಪ್ಲೇಟ್‌ನಲ್ಲಿ ವೆಲ್‌ಗೆ 10,000 ಕೋಶ ಹಾಕಿ ಒಂದು ರಾತ್ರಿ ಬಿಡಿ. ಅರ್ಧದಷ್ಟು ವೆಲ್‌ಗಳಿಗೆ 100 ಮೈಕ್ರೋಮೋಲಾರ್ ಬಿಎಸ್‌ಒ ಕೊಟ್ಟು 24 ಗಂಟೆ ಕಾಯಿರಿ. ಇದ್ದ ಗ್ಲುಟಾಥಯೋನ್ ಖರ್ಚಾಗಲು ಅಷ್ಟು ಹೊತ್ತು ಬೇಕೇ ಬೇಕು.

ಈ ಪರೀಕ್ಷೆಯ ಡೈ ಎಚ್‌2ಡಿಸಿಎಫ್‌ಡಿಎ: ಕೋಶದೊಳಗೆ ಸೀಳಿ ಆಕ್ಸಿಡೀಕರಣಗೊಂಡಾಗ ಅದು ಹೊಳೆಯುವ ಡಿಸಿಎಫ್ ಆಗುತ್ತದೆ. ಅದರ 4.87 ಮಿಲಿಗ್ರಾಂ ಅನ್ನು 1 ಮಿಲಿ ಡಿಎಂಎಸ್‌ಒನಲ್ಲಿ ಕರಗಿಸಿದರೆ 10 ಮಿಲಿಮೋಲಾರ್ ಸ್ಟಾಕ್. ಸೀರಮ್ ಮತ್ತು ಫೀನಾಲ್ ರೆಡ್ ಇಲ್ಲದ ಮೀಡಿಯಾದಲ್ಲಿ ಅದನ್ನು ಸಾವಿರಪಟ್ಟು ತೆಳುವಾಗಿಸಿ, ಕೋಶಗಳಿಗೆ ಹಾಕಿ, 37 ಡಿಗ್ರಿಯಲ್ಲಿ, ಕತ್ತಲಲ್ಲಿ 30 ನಿಮಿಷ ಇಡಿ. ಸೀರಮ್ ಇದ್ದರೆ ಅದರ ಎಸ್ಟರೇಸ್‌ಗಳು ಡೈಯನ್ನು ಹೊರಗೇ ಸೀಳಿಬಿಡುತ್ತವೆ. ಬೆಳಕು ಬಿದ್ದರೆ ಔಷಧಿಯಿಲ್ಲದೆಯೂ ಹೊಳಪು ಬರುತ್ತದೆ. ತೊಳೆದು, 2 ಮೈಕ್ರೋಮೋಲಾರ್ ಆರನೋಫಿನ್ ಹಾಕಿ (ಬಿಎಸ್‌ಒ ಕೊಟ್ಟಿದ್ದಲ್ಲಿ ಅದನ್ನೂ ಮತ್ತೆ ಸೇರಿಸಿ). 485 ನ್ಯಾನೋಮೀಟರ್ ಬೆಳಕು ಬಿಟ್ಟು 530ರಲ್ಲಿ ಬರುವ ಹೊಳಪನ್ನು 15 ನಿಮಿಷಕ್ಕೊಮ್ಮೆ, ಎರಡು ಗಂಟೆ ಓದಿ.

ಮರುದಿನ ಓದಿದರೆ ಮೋಸ ಹೋಗುತ್ತೀರಿ. ಡೈ ಸೋರಿರುತ್ತದೆ, ಸಾಯುವ ಕೋಶದ ಮೈಟೊಕಾಂಡ್ರಿಯದಿಂದ ಹೊರಬಂದ ಸೈಟೊಕ್ರೋಮ್ ಸಿ ಕೂಡ ಈ ಡೈಯನ್ನು ಆಕ್ಸಿಡೀಕರಿಸಬಲ್ಲದು. ಆಗ ಕಾಣುವುದು ಸಾವಿನ ಕಾರಣವಲ್ಲ, ಸಾವಿನ ಫಲ. ಪಾಸಿಟಿವ್ ಕಂಟ್ರೋಲ್‌ಗೆ (ಹೊಳಪು ಬಂದೇ ಬರಬೇಕಾದ ವೆಲ್‌ಗಳಿಗೆ) 200 ಮೈಕ್ರೋಮೋಲಾರ್ ಟರ್ಟ್-ಬ್ಯುಟೈಲ್ ಹೈಡ್ರೋಪೆರಾಕ್ಸೈಡ್ ಸಾಕು. ಹೈಡ್ರೋಜನ್ ಪೆರಾಕ್ಸೈಡ್ ಬಳಸುವುದಾದರೆ ಮೀಡಿಯಾದಲ್ಲಿ ಪೈರುವೇಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ, ಇದ್ದರೆ ಅದೇ ನುಂಗಿಹಾಕುತ್ತದೆ.

ಇನ್ನು ಎನ್‌ಎಸಿ (ಎನ್-ಅಸಿಟೈಲ್ ಸಿಸ್ಟೀನ್), ಆಕ್ಸಿಡೀಕರಣ ತಡೆಯುವ ವಸ್ತು: ಸಾವಿಗೆ ಆಕ್ಸಿಡೀಕರಣವೇ ಕಾರಣವಾದರೆ ಇದು ಕೋಶಗಳನ್ನು ಉಳಿಸಬೇಕು. 0.816 ಗ್ರಾಂ ಅನ್ನು ಮೊದಲು 8 ಮಿಲಿ ನೀರಿನಲ್ಲಿ ಕರಗಿಸಿ, ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 7.4ಕ್ಕೆ ತಂದು 10 ಮಿಲಿ ಮಾಡಿದರೆ 500 ಮಿಲಿಮೋಲಾರ್. ಹಾಗೇ ಹಾಕಿದರೆ ಅದರ ಹುಳಿಯೇ ಕೋಶವನ್ನು ಕೆಡಿಸುತ್ತದೆ. ಪ್ರತ್ಯೇಕ ಪ್ಲೇಟ್‌ನಲ್ಲಿ 5 ಮಿಲಿಮೋಲಾರ್ ಎನ್‌ಎಸಿ ಕೊಟ್ಟು ಒಂದು ಗಂಟೆಯ ನಂತರ ಆರನೋಫಿನ್ ಹಾಕಿ. 24 ಗಂಟೆಗೆ, ಸತ್ತ ಕೋಶದೊಳಗೆ ಮಾತ್ರ ಹೋಗುವ ಪ್ರೊಪಿಡಿಯಂ ಅಯೋಡೈಡ್ ಡೈನಿಂದ ಸತ್ತ ಕೋಶಗಳನ್ನು ಎಣಿಸಿ. ಬದುಕಿದ ಕೋಶಗಳು ನೇರಳೆ ಮಾಡುವ ಎಂಟಿಟಿ ಬಣ್ಣದ ಪರೀಕ್ಷೆ ಬೇಡ: ಎನ್‌ಎಸಿ ತಾನೇ ಎಂಟಿಟಿಯನ್ನು ನೇರಳೆ ಮಾಡುವುದರಿಂದ ಸತ್ತ ವೆಲ್ ಕೂಡ ಬದುಕಿದಂತೆ ಕಾಣುತ್ತದೆ.

ಕೋಶಗಳು ಉಳಿದರೂ ಕೂಡಲೇ ನಂಬಬೇಡಿ. ಎನ್‌ಎಸಿಯ ಗಂಧಕ ಆರನೋಫಿನ್‌ನ ಚಿನ್ನವನ್ನು ಹೊರಗೇ ಹಿಡಿದಿಟ್ಟಿರಬಹುದು. ಅದೇ ಕೋಶಗಳಲ್ಲಿ ಥಯೋರೆಡಾಕ್ಸಿನ್ ರಿಡಕ್ಟೇಸ್ ಚಟುವಟಿಕೆ ಅಳೆಯಿರಿ: ಕಿಣ್ವ ಸ್ತಬ್ಧವಾಗಿದ್ದೂ ಕೋಶ ಬದುಕಿದ್ದರೆ ಮಾತ್ರ ಎನ್‌ಎಸಿ ಕೋಶವನ್ನು ಆಕ್ಸಿಡೀಕರಣದಿಂದ ಕಾಪಾಡಿತು ಎನ್ನಬಹುದು.