ಹಾಡುವವರ ಗಂಟಲು: ಬೆಳಗಿನ ಮೊದಲ ಸ್ವರದಿಂದ ಕಚೇರಿ ಮುಗಿಯುವವರೆಗೆ

ಗಣೇಶನ ಹಬ್ಬ ಬಂತೆಂದರೆ ನಮ್ಮ ಕಡೆ ಹಾಡುವವರಿಗೆ ಬಿಡುವಿಲ್ಲದ ಕಾಲ ಶುರು. ಪೆಂಡಾಲು, ದೇವಸ್ಥಾನದ ನವರಾತ್ರಿ ಸೇವೆ, ಗೊಂಬೆ ಕೂರಿಸಿದ ಮನೆಗಳಲ್ಲಿ ಹಾಡು, ಆಮೇಲೆ ನವೆಂಬರ್ ಪೂರ್ತಿ ರಾಜ್ಯೋತ್ಸವದ ವೇದಿಕೆಗಳು. ಹನ್ನೆರಡು ವರ್ಷದ ಹಿಂದೆ ಇಂಥದೇ ಸುಗ್ಗಿಯಲ್ಲಿ ಒಂಬತ್ತು ದಿನಕ್ಕೆ ಏಳು ಕಾರ್ಯಕ್ರಮ ಒಪ್ಪಿಕೊಂಡಿದ್ದೆ. ಸಂಜೆಯ ಮಕ್ಕಳ ಪಾಠವನ್ನೂ ಬಿಟ್ಟಿರಲಿಲ್ಲ. ಎಂಟನೇ ದಿನ ವರ್ಣದ ಚರಣದಲ್ಲಿ ತಾರಸ್ಥಾಯಿಯ, ಅಂದರೆ ಮೇಲಿನ ಸಪ್ತಕದ, ಗಾಂಧಾರ ಹಿಡಿಯಲು ಹೋದೆ. ಸ್ವರ ಬರಲಿಲ್ಲ, ಬರೀ ಗಾಳಿ ಬಂತು. ನೋವಿಲ್ಲ, ಜ್ವರವಿಲ್ಲ, ಕೆಮ್ಮೂ ಇಲ್ಲ.

ಇಎನ್‌ಟಿ ವೈದ್ಯರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ದನಿ ಹುಟ್ಟಿಸುವ ಧ್ವನಿತಂತುಗಳು: ಮುತ್ತಿನ ಬಣ್ಣದ ಎರಡು ಪಟ್ಟಿಗಳು, ಮುಂದೆ ಕೂಡಿಕೊಂಡು ಹಿಂದೆ ತೆರೆದುಕೊಳ್ಳುತ್ತಿದ್ದವು. ಎರಡರ ಅಂಚಿನಲ್ಲೂ ಎದುರುಬದುರಾಗಿ ಸಾಸಿವೆ ಕಾಳಿನಷ್ಟೂ ದೊಡ್ಡದಲ್ಲದ ಉಬ್ಬು, ಅಂದರೆ ಗಂಟು. ‘ದಿನಕ್ಕೆ ಎಷ್ಟು ಹೊತ್ತು ಹಾಡ್ತೀರಿ’ ಎಂದು ಅವರು ಕೇಳಲಿಲ್ಲ, ‘ಎಷ್ಟು ಹೊತ್ತು ಮಾತಾಡ್ತೀರಿ’ ಎಂದು ಕೇಳಿದರು. ಅವತ್ತಿನಿಂದ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿರುವುದು ಇದೇ: ಗಂಟಲು ಕೆಡುವುದು ಹಾಡುವ ಎರಡು ಗಂಟೆಯಲ್ಲಿ ಕಡಿಮೆ, ಉಳಿದ ಇಪ್ಪತ್ತೆರಡು ಗಂಟೆಯಲ್ಲಿ ಹೆಚ್ಚು.

ಲೆಕ್ಕ ಹಾಕಿದರೆ ಇದು ಮನಸ್ಸಿಗೆ ಇಳಿಯುತ್ತದೆ. ಐದು ಮನೆ ಶ್ರುತಿಯಲ್ಲಿ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯನ್ನು ‘ಸ’ ಮಾಡಿಕೊಂಡು, ಹಾಡುವವರು ಮಧ್ಯಸ್ಥಾಯಿಯ ಷಡ್ಜದಲ್ಲಿ (ನಡುವಿನ ‘ಸ’) ನಿಂತಾಗ ಅವರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 196 ಸಲ ಕೂಡಿ ಬಿಡುತ್ತವೆ, ತಾರ ಷಡ್ಜದಲ್ಲಿ ಅದರ ಎರಡರಷ್ಟು. ಎರಡು ಗಂಟೆಯ ಕಚೇರಿಯಲ್ಲಿ ನಿಜಕ್ಕೂ ದನಿ ಹೊರಡುವುದು ಒಂದೇ ಗಂಟೆ ಎಂದಿಟ್ಟುಕೊಂಡರೂ ಏಳು ಲಕ್ಷ ಸಲ ಒಂದಕ್ಕೊಂದು ಬಡಿದಿರುತ್ತವೆ. ಹಾಡು ಮುಗಿಸಿ ಊಟದ ಹಾಲ್‌ನಲ್ಲಿ ಕೂಗಿ ಮಾತಾಡಿದರೆ ಅದೂ ಇದೇ ಖಾತೆಗೆ ಸೇರುತ್ತದೆ.

ಬೆಳಿಗ್ಗೆ ಎದ್ದ ಮೇಲೆ ಒಂದು ಪರೀಕ್ಷೆ

ಎದ್ದು ಒಂದು ಗಂಟೆಯಾದ ಮೇಲೆ, ಕಾಫಿ ಮುಗಿಸಿ, ಶ್ರುತಿ ಹಾಕಿಕೊಳ್ಳಿ. ಪಕ್ಕದ ಕೋಣೆಯಲ್ಲಿ ಮಲಗಿದ ಮಗು ಏಳಬಾರದು ಎನ್ನುವಷ್ಟು ಮೆಲ್ಲಗೆ ತಾರ ಷಡ್ಜ, ರಿಷಭ, ಗಾಂಧಾರಗಳನ್ನು ‘ಉ’ಕಾರದಲ್ಲಿ ಒಂದೊಂದೇ ಚುಕ್ಕೆಯಿಟ್ಟ ಹಾಗೆ ಹಾಡಿ. ಮೆಲುದನಿಯಲ್ಲೇ ಸ್ವರ ತಕ್ಷಣ ಹತ್ತಿಕೊಂಡರೆ ಗಂಟಲು ಚೆನ್ನಾಗಿದೆ. ಮೊದಲು ಗಾಳಿ ಬಂದು ಆಮೇಲೆ ಸ್ವರ ಬಂದರೆ, ಅಥವಾ ಜೋರು ಮಾಡಿದರೆ ಮಾತ್ರ ಬಂದರೆ, ಧ್ವನಿತಂತು ಊದಿಕೊಂಡಿದೆ ಎಂದೇ ಲೆಕ್ಕ. ಒತ್ತಿ ಹಾಡಿದರೆ ಸ್ವರ ಬಂದೇ ಬರುತ್ತದಾದ್ದರಿಂದ ನಾವು ಮೋಸ ಹೋಗುವುದು ಇಲ್ಲೇ. ಅವತ್ತು ಸಾಧನೆ ಅರ್ಧಕ್ಕೆ ಇಳಿಸಿ, ಫೋನ್ ಮಾತು ನಿಲ್ಲಿಸಿ. ಎರಡು ನಿಮಿಷದ ಈ ಪರೀಕ್ಷೆಯ ಫಲವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಹೋದರೆ, ಯಾವ ದಿನದ ಮರುದಿನ ಗಂಟಲು ಕೆಡುತ್ತದೆ ಎನ್ನುವುದು ಒಂದೇ ತಿಂಗಳಲ್ಲಿ ಕಣ್ಣಿಗೆ ಕಾಣುತ್ತದೆ. ನನಗೆ ಕೆಡುತ್ತಿದ್ದದ್ದು ಕಚೇರಿಯ ಮರುದಿನಕ್ಕಿಂತ ಮದುವೆಮನೆಯ ಮರುದಿನ.

ನಿಮ್ಮ ಶ್ರುತಿ ನಿಮ್ಮದೇ ಇರಲಿ

ಮೆಚ್ಚಿನ ಗಾಯಕಿಯ ರೆಕಾರ್ಡಿಂಗಿನ ಶ್ರುತಿಯಲ್ಲೇ ಕಲಿತ ಮಕ್ಕಳು ಎಷ್ಟೋ ಮಂದಿ. ನಾನೂ ಹಾಗೆ ಐದೂವರೆಯಲ್ಲಿ ಎಳೆದಾಡುತ್ತಿದ್ದವಳು, ಚಿಕಿತ್ಸೆಯ ನಂತರ ಐದಕ್ಕೆ ಇಳಿದೆ. ಶ್ರುತಿ ಗೊತ್ತುಮಾಡಲು ಕನ್ನಡಿಯ ಮುಂದೆ ಕುಳಿತುಕೊಳ್ಳಿ. ಮಂದ್ರ (ಕೆಳಗಿನ ಸ್ಥಾಯಿಯ) ಪಂಚಮ ಎದುರಿಗೆ ಕೂತವರಿಗೆ ಕೇಳುವಂತೆ ಬರಬೇಕು. ತಾರಸ್ಥಾಯಿಯ ಮಧ್ಯಮ ಮುಟ್ಟುವಾಗ ಗದ್ದ ಮೇಲೇಳಬಾರದು, ಕತ್ತಿನ ನರ ಉಬ್ಬಬಾರದು, ಹುಬ್ಬು ಏರಬಾರದು. ಏರಿದರೆ ಅರ್ಧ ಮನೆ ಇಳಿಸಿ ಮತ್ತೆ ನೋಡಿ. ಮೂರು ಬೇರೆ ಬೇರೆ ದಿನ ನೋಡಿ ತೀರ್ಮಾನ ಮಾಡಿ.

ಶ್ರುತಿ ಇಳಿಸುವುದರಲ್ಲಿ ಅವಮಾನವೇನೂ ಇಲ್ಲ. ಗಂಗೂಬಾಯಿ ಹಾನಗಲ್ (1913–2009) ಅವರ ಎಳೆವಯಸ್ಸಿನ ಧ್ವನಿಮುದ್ರಿಕೆಗಳಲ್ಲಿರುವುದು ತೆಳುವಾದ, ಎತ್ತರದ ದನಿ. ಟಾನ್ಸಿಲ್ ಚಿಕಿತ್ಸೆಯ ನಂತರ ಅದು ಗಂಡುದನಿಯಷ್ಟು ಗಡುಸಾಯಿತು. ಅವರು ಹಳೆಯ ದನಿಯ ಬೆನ್ನು ಹತ್ತಲಿಲ್ಲ. ಬಂದ ದನಿಯಲ್ಲೇ ಹಾಡಿದರು, ಇಂದು ನಾವೆಲ್ಲ ಅವರನ್ನು ಗುರುತು ಹಿಡಿಯುವುದು ಆ ದನಿಯಿಂದಲೇ.

ಹನ್ನೆರಡು ಹದಿಮೂರರ ಗಂಡುಮಕ್ಕಳ ಗುರುಗಳಿಗೆ ಇಲ್ಲೊಂದು ಮಾತು. ದನಿ ಒಡೆಯುವ ಆ ಕಾಲದಲ್ಲಿ ಸ್ವರಪೆಟ್ಟಿಗೆಯೇ ಬೆಳೆಯುತ್ತಿರುತ್ತದೆ, ಶ್ರುತಿ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹಳೆಯ ಶ್ರುತಿಯಲ್ಲಿ ಹಿಡಿದು ಹಾಡಿಸಬೇಡಿ, ಪಾಠ ಬಿಡಿಸಲೂ ಬೇಡಿ. ಬರುವ ನಾಲ್ಕೈದು ಸ್ವರಗಳಲ್ಲೇ ಮೆಲ್ಲಗೆ ಹಾಡಲಿ, ಉಳಿದ ಹೊತ್ತು ತಾಳ, ಕೇಳ್ಮೆ, ಸಾಹಿತ್ಯ.

ಗಂಟಲು ಕಾಯಿಸುವ ಇಪ್ಪತ್ತು ನಿಮಿಷ

ಎದ್ದ ಕೂಡಲೇ ವರ್ಣ ಎತ್ತಿಕೊಳ್ಳುವುದು ನಮ್ಮಲ್ಲಿ ಬಹಳ ಮಂದಿಯ ರೂಢಿ. ಅದರ ಬದಲು ಒಂದು ಲೋಟದಲ್ಲಿ ಅರ್ಧ ನೀರು, ಒಂದು ಸ್ಟ್ರಾ ಇಟ್ಟುಕೊಳ್ಳಿ. ಸ್ಟ್ರಾ ತುದಿ ಎರಡು ಬೆರಳಗಲ ನೀರಿನೊಳಗಿರಲಿ. ತುಟಿ ಬಿಗಿಹಿಡಿದು ‘ಊ’ ಎಂದು ದನಿ ಮಾಡುತ್ತಾ ಊದಿ. ಗುಳ್ಳೆಗಳು ಒಂದೇ ಸಮನೆ ಏಳುತ್ತಿರಬೇಕು, ಕೆನ್ನೆ ಸಡಿಲವಾಗಿರಬೇಕು. ಹಾಗೇ ದನಿಯನ್ನು ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಜಾರಿಸಿ. ಯಾವ ಸ್ವರದ ಹತ್ತಿರ ಗುಳ್ಳೆ ಚದುರುತ್ತದೋ ಅಲ್ಲಿ ಉಸಿರು ಮುಗ್ಗರಿಸುತ್ತಿದೆ ಎಂದರ್ಥ. ಅಲ್ಲಿ ನಿಧಾನ ಮಾಡಿ. ಕಿರಿದಾದ ಕೊಳವೆಯಲ್ಲಿ ಗಾಳಿಗೆ ತಡೆಯುಂಟಾಗಿ ಒತ್ತಡ ಹಿಮ್ಮರಳಿ ಧ್ವನಿತಂತುಗಳನ್ನು ಒಳಗಿನಿಂದ ಆನಿಸಿ ಹಿಡಿಯುತ್ತದೆ. ಹೀಗಾಗಿ ಅವು ಕಂಪಿಸುತ್ತವೆ, ಆದರೆ ಒಂದಕ್ಕೊಂದು ಜೋರಾಗಿ ಬಡಿಯುವುದಿಲ್ಲ. ಐದು ನಿಮಿಷ ಸಾಕು.

ಆಮೇಲೆ ತುಟಿ ಮುಚ್ಚಿ, ಹಲ್ಲು ಬಿಡಿಸಿ ‘ಮ್’ಕಾರ. ಮಧ್ಯ ಷಡ್ಜದಿಂದ ಮಂದ್ರ ಪಂಚಮದವರೆಗೆ ಇಳಿಯಿರಿ. ತುಟಿಯಲ್ಲಿ, ಮೂಗಿನ ಬುಡದಲ್ಲಿ ಕಚಗುಳಿಯಿಟ್ಟ ಹಾಗಾದರೆ ಸರಿಯಾದ ಜಾಗದಲ್ಲಿದ್ದೀರಿ. ಗಂಟಲಿನಲ್ಲೇ ಗೊರಗೊರ ಎಂದರೆ ತಗ್ಗಿಸಿದ್ದು ಅತಿಯಾಯಿತು.

ಈಗ ಮಾಯಾಮಾಳವಗೌಳ ರಾಗದಲ್ಲಿ ಸರಳಿ ವರಸೆ (ಸ್ವರಗಳನ್ನು ಏರಿಸಿ ಇಳಿಸುವ ಮೊದಲ ಪಾಠ), ನಿಧಾನದ ಒಂದನೇ ಕಾಲ, ಅಕಾರದಲ್ಲಿ, ಜೋರಿಲ್ಲದೆ. ಮುಂದಿನ ಜಂಟಿ ವರಸೆಯಲ್ಲಿ ಮಾತ್ರ ಎಚ್ಚರ ಬೇಕು. ‘ಸಸ ರಿರಿ’ಯಲ್ಲಿ ಎರಡನೆಯ ಸ್ವರಕ್ಕೆ ಒತ್ತು ಕೊಡಬೇಕೆಂದು ಹೇಳಿಕೊಟ್ಟಿರುತ್ತೇವೆ. ಮಕ್ಕಳು ಆ ಒತ್ತನ್ನು ಗಂಟಲಿನಿಂದ ಕೊಡುತ್ತಾರೆ, ಪ್ರತಿ ಸ್ವರಕ್ಕೂ ಸಣ್ಣದೊಂದು ‘ಕ್’ ಕೇಳಿಸುತ್ತದೆ. ಆ ‘ಕ್’ ಎಂದರೆ ಧ್ವನಿತಂತುಗಳ ಡಿಕ್ಕಿ. ಹೊಕ್ಕುಳ ಮೇಲೆ ಅಂಗೈ ಇಟ್ಟು ಹಾಡಿಸಿ ನೋಡಿ: ಒತ್ತು ಬಂದಾಗಲೆಲ್ಲ ಹೊಟ್ಟೆ ಕೈಗೆ ತಾಗಬೇಕು, ಗಂಟಲು ಸುಮ್ಮನಿರಬೇಕು. ಇದೊಂದನ್ನು ಎಳವೆಯಲ್ಲೇ ತಿದ್ದಿದರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ ಎಂದು ನಾನು ನಂಬಿದ್ದೇನೆ. ತಾರಸ್ಥಾಯಿ ವರಸೆ ಕೊನೆಗೆ. ಅದಾದ ಮೇಲೆ ವರ್ಣ.

ಮಾತಿನ ಲೆಕ್ಕ

ಸುತ್ತ ಸದ್ದು ಹೆಚ್ಚಿದಂತೆ ನಮಗೆ ಅರಿವಿಲ್ಲದೆ ನಮ್ಮ ದನಿಯೂ ಏರುತ್ತದೆ. ಫ್ರಾನ್ಸಿನ ಕಿವಿ-ಗಂಟಲು ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಅವರದೇ ಹೆಸರು. ಬಸ್ಸು, ಮಿಕ್ಸಿ ತಿರುಗುವ ಅಡುಗೆಮನೆ, ವಾಲಗ ಊದುವ ಮದುವೆಮನೆ, ಎಲ್ಲ ಕಡೆಯೂ ಇದೇ ಕಥೆ. ಇದನ್ನು ಮನಸ್ಸಿನ ಬಲದಿಂದ ತಡೆಯುವುದು ಕಷ್ಟ, ಜಾಗ ಬದಲಿಸುವುದು ಸುಲಭ. ಮಾತಾಡುವವರ ಹತ್ತಿರ ಹೋಗಿ, ಇಲ್ಲವೇ ಹೊರಗೆ ಕರೆಯಿರಿ.

ಪಾಠ ಹೇಳುವವರ ಗಂಟಲು ಇದಕ್ಕಿಂತ ಕಷ್ಟದ್ದು. ನಾಲ್ಕು ಗಂಟೆಗೆ ಐದು ಮನೆ ಶ್ರುತಿಯ ಹುಡುಗಿ, ಐದಕ್ಕೆ ಒಂದೂವರೆ ಮನೆಯ ಹುಡುಗ, ಆರಕ್ಕೆ ಆರು ಮನೆಯ ಪುಟ್ಟ ಮಕ್ಕಳು. ಗುರುವಿನ ಗಂಟಲು ಸಂಜೆಯೆಲ್ಲ ಬೇರೆಯವರ ಶ್ರುತಿಯಲ್ಲಿ ದುಡಿಯುತ್ತದೆ. ನಾನು ಈಗ ಶ್ರುತಿಗೊಂದು ದಿನ ಎಂದು ಬ್ಯಾಚ್ ಮಾಡಿಕೊಂಡಿದ್ದೇನೆ. ಸಾಲು ಒಂದೇ ಸಲ ಹಾಡಿ ತೋರಿಸುತ್ತೇನೆ. ಮಕ್ಕಳು ಹಾಡುವಾಗ ಜೊತೆಗೆ ಹಾಡುವುದಿಲ್ಲ, ಕೈಯಲ್ಲಿ ತಾಳ ಮಾತ್ರ. ಮೊದಮೊದಲು ಬಾಯಿ ತಡೆಯುವುದು ಕಷ್ಟವಾಗಿತ್ತು. ಮಕ್ಕಳ ತಪ್ಪು ಮೊದಲಿಗಿಂತ ಚೆನ್ನಾಗಿ ಕೇಳಿಸತೊಡಗಿದ್ದು ಆ ಮೇಲೆಯೇ.

ಗಂಟಲು ಕಟ್ಟಿದಾಗ ಪಿಸುಗುಟ್ಟುವುದು ವಿಶ್ರಾಂತಿಯಲ್ಲ. ಒತ್ತಿ ಪಿಸುಗುಟ್ಟುವಾಗ ಗಂಟಲಿನ ಸ್ನಾಯುಗಳು ಬಿಗಿಯುತ್ತವೆ. ಮಾತಾಡಲೇಬೇಕಾದರೆ ಮೆಲ್ಲಗೆ, ದನಿಯಲ್ಲೇ ಆಡಿ. ಕ್ಯಾಕರಿಸುವ ಅಭ್ಯಾಸವನ್ನೂ ಬಿಡಬೇಕು. ಕ್ಯಾಕರಿಸಬೇಕು ಅನಿಸಿದಾಗ ಒಂದು ಗುಟುಕು ನೀರು ಕುಡಿಯಿರಿ, ನೀರಿಲ್ಲದಿದ್ದರೆ ಬರಿದೇ ಒಮ್ಮೆ ಉಗುಳು ನುಂಗಿ.

ನೀರು, ಕಷಾಯ, ರಾತ್ರಿಯೂಟ

ಕುಡಿದ ನೀರು ಧ್ವನಿತಂತುವನ್ನು ಮುಟ್ಟುವುದಿಲ್ಲ, ಅದು ಅನ್ನನಾಳದಲ್ಲಿ ಹೋಗುತ್ತದೆ. ಮುಟ್ಟಿದರೆ ನೆತ್ತಿಗೇರಿ ಕೆಮ್ಮುತ್ತೇವೆ. ನೀರಿನ ಪ್ರಯೋಜನ ರಕ್ತಕ್ಕೆ ಸೇರಿದ ಮೇಲೆ, ಹೊತ್ತು ಹಿಡಿದು ಬರುವಂಥದು. ಹಾಗಾಗಿ ಸಂಜೆ ಕಚೇರಿಗೆ ಬೆಳಿಗ್ಗೆಯಿಂದಲೇ ಕುಡಿಯುತ್ತಿರಬೇಕು. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದರೂ ಅಷ್ಟೇ, ಕಿರುನಾಲಿಗೆಯ ಸುತ್ತಮುತ್ತ ಹಿತವಾಗುತ್ತದೆ, ಕೆಳಗಿಳಿಯುವುದಿಲ್ಲ. ನೇರವಾಗಿ ತಲುಪುವುದು ಹಬೆ. ಬರೀ ನೀರಿನ ಹಬೆ, ಐದು ನಿಮಿಷ. ಖಾರದ ಮುಲಾಮು ಬೆರೆಸುವ ಅಗತ್ಯವಿಲ್ಲ.

ಶುಂಠಿ, ಮೆಣಸು, ಕಲ್ಲುಸಕ್ಕರೆಯ ಕಷಾಯ ನನ್ನ ಅಜ್ಜಿಯ ಕಾಲದಿಂದ ನಮ್ಮ ಮನೆಯಲ್ಲಿದೆ, ನಾನು ಬಿಟ್ಟಿಲ್ಲ. ಜೇಷ್ಠಮಧುವಿನ ಬಗ್ಗೆ ಮಾತ್ರ ಎಚ್ಚರ ಹೇಳಬೇಕು. ಅದನ್ನು ದಿನವೂ ಅಗಿಯುತ್ತಿದ್ದರೆ ರಕ್ತದೊತ್ತಡ ಏರುತ್ತದೆ, ಬಿಪಿ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಐಸ್‌ಕ್ರೀಮಿಗೆ ಹೆದರುವಷ್ಟು ನಾವು ತಡರಾತ್ರಿಯ ಊಟಕ್ಕೆ ಹೆದರುವುದಿಲ್ಲ, ಹೆದರಬೇಕಾದ್ದು ಅದಕ್ಕೆ. ಕಚೇರಿ ಮುಗಿದು ಹತ್ತೂವರೆಗೆ ಪುಳಿಯೋಗರೆ, ಬಜ್ಜಿ ತಿಂದು ಹನ್ನೊಂದಕ್ಕೆ ಮಲಗಿದರೆ ಹೊಟ್ಟೆಯ ಆಮ್ಲ ಗಂಟಲಿನವರೆಗೂ ಏರುತ್ತದೆ. ಎದೆಯುರಿಯೇ ಇಲ್ಲದೆಯೂ ಏರಬಹುದು. ಬೆಳಿಗ್ಗೆ ಗೊಗ್ಗರು ದನಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ, ಮತ್ತೆ ಮತ್ತೆ ಕ್ಯಾಕರಿಕೆ, ಇವು ಅದರ ಗುರುತು. ಊಟಕ್ಕೂ ನಿದ್ದೆಗೂ ಮೂರು ಗಂಟೆಯ ಅಂತರವಿರಲಿ. ಕಚೇರಿಯ ದಿನ ಸಂಜೆ ನಾಲ್ಕಕ್ಕೇ ಹೊಟ್ಟೆ ತುಂಬ ಉಂಡು, ರಾತ್ರಿ ಅನ್ನ ಸಾರು ಎರಡು ತುತ್ತಿಗೆ ನಿಲ್ಲಿಸಿ. ತೊಂದರೆ ಹೆಚ್ಚಿದ್ದವರು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರು ಇಂಚಿನ ಮರದ ತುಂಡು ಇಡಬೇಕು. ದಿಂಬು ಪೇರಿಸಿದರೆ ಕತ್ತು ಬಾಗುತ್ತದೆ ಅಷ್ಟೇ.

ವೇದಿಕೆಯಲ್ಲಿ

ಪೆಂಡಾಲಿನಲ್ಲಿ ಸಭೆಗೆ ನೀವು ಚೆನ್ನಾಗಿಯೇ ಕೇಳಿಸುತ್ತಿರುತ್ತೀರಿ, ನಿಮಗೆ ನೀವು ಕೇಳಿಸುವುದಿಲ್ಲ. ಆಗ ಲೊಂಬಾರ್ಡ್ ಹೇಳಿದ್ದೇ ಆಗುತ್ತದೆ. ಮೊದಲ ಕೃತಿಗೆ ಮುನ್ನವೇ ಮೈಕಿನವರನ್ನು ಕರೆದು, ಮಾನಿಟರಿನಲ್ಲಿ (ನಿಮ್ಮ ಕಡೆ ತಿರುಗಿಸಿಟ್ಟ ಸ್ಪೀಕರು) ನಿಮ್ಮ ದನಿ ಮತ್ತು ತಂಬೂರಿಯನ್ನು ಏರಿಸಿ, ಮೃದಂಗವನ್ನು ಇಳಿಸಲು ಹೇಳಿ. ಸಂಕೋಚ ಬೇಡ. ಮೃದಂಗದವರು ಒಂಟಿಯಾಗಿ ನುಡಿಸುವ ತನಿ ಆವರ್ತನದ ಹತ್ತು ಹದಿನೈದು ನಿಮಿಷ ಗಂಟಲಿಗೆ ಸಿಗುವ ದೊಡ್ಡ ಬಿಡುವು. ತಾಳ ಹಾಕುತ್ತಾ ಬೆಚ್ಚಗಿನ ನೀರು ಗುಟುಕರಿಸಿ, ‘ಭೇಷ್’ ಅನ್ನುವುದನ್ನು ತಲೆದೂಗಿ ಹೇಳಿ. ಮಂಗಳ ಹಾಡಿದ ಮೇಲೆ ಐದು ನಿಮಿಷ ‘ಮ್’ಕಾರದಲ್ಲಿ ಮೇಲಿಂದ ಕೆಳಗೆ ಜಾರಿ. ಅದಾದ ಮೇಲೆ ಜನರನ್ನು ಮಾತಾಡಿಸಿ.

ನೆಗಡಿಯೋ, ಅದಕ್ಕಿಂತ ಹೆಚ್ಚಿನದೋ

ಮೂಗಷ್ಟೇ ಕಟ್ಟಿದ್ದರೆ ಎಚ್ಚರಿಕೆಯಿಂದ ಹಾಡಬಹುದು. ದನಿಯೇ ಒಡೆದಿದ್ದರೆ ಕಾರ್ಯಕ್ರಮ ಬಿಡಿ. ಗಂಟಲು ನೋವಿಗೆಂದು ಆಸ್ಪಿರಿನ್, ಐಬುಪ್ರೊಫೇನ್ ನುಂಗಿ ಹಾಡಬೇಡಿ. ಅವು ರಕ್ತಸ್ರಾವದ ಸಂಭವವನ್ನು ಹೆಚ್ಚಿಸುತ್ತವೆ, ಊದಿದ ಧ್ವನಿತಂತುವಿನ ಸೂಕ್ಷ್ಮ ರಕ್ತನಾಳ ಒಡೆಯಬಹುದು. ಮೆಂಥಾಲ್ ಮಾತ್ರೆ ಗಂಟಲನ್ನು ಜೋಮು ಹಿಡಿಸಿ ಎಚ್ಚರಿಕೆಯ ಗಂಟೆಯನ್ನೇ ನಿಲ್ಲಿಸುತ್ತದೆ. ನೆಗಡಿ ಮಾತ್ರೆಗಳಲ್ಲಿ ಹಲವು ಗಂಟಲನ್ನು ಒಣಗಿಸುತ್ತವೆ.

ದನಿ ಮೂರು ವಾರವಾದರೂ ಸರಿಹೋಗದಿದ್ದರೆ ಇಎನ್‌ಟಿ ವೈದ್ಯರಲ್ಲಿ ಹೋಗಿ ಗಂಟಲಿನೊಳಗೆ ನೋಡಿಸಿಕೊಳ್ಳಲೇಬೇಕು. ಹಾಡುತ್ತಿರುವಾಗಲೇ ದನಿ ಫಕ್ಕನೆ ನಿಂತರೆ, ಕಫದಲ್ಲಿ ರಕ್ತ ಕಂಡರೆ, ನುಂಗಲು ಉಸಿರಾಡಲು ಕಷ್ಟವಾದರೆ ಅದೇ ದಿನ ಹೋಗಬೇಕು. ನೋಡಿಸಿಕೊಳ್ಳಲು ಅಂಜಿಕೆ ಬೇಡ. 1854ರಲ್ಲಿ ಹಲ್ಲಿನ ವೈದ್ಯರ ಪುಟ್ಟ ಕನ್ನಡಿ, ಒಂದು ಕೈಗನ್ನಡಿ ಮತ್ತು ಬಿಸಿಲಿನ ನೆರವಿನಿಂದ ತನ್ನದೇ ಧ್ವನಿತಂತುಗಳು ಆಡುವುದನ್ನು ನೋಡಿಕೊಂಡ ಮ್ಯಾನುಯೆಲ್ ಗಾರ್ಸಿಯಾ ಕೂಡ ಹಾಡು ಹೇಳಿಕೊಡುವ ಮೇಷ್ಟ್ರೇ ಆಗಿದ್ದರು.

ಗಂಟು ಎಂದಾಕ್ಷಣ ಶಸ್ತ್ರಚಿಕಿತ್ಸೆ ಎಂದು ಕಂಗೆಡಬೇಡಿ. ಮಾತಾಡುವ, ಹಾಡುವ ರೀತಿಯನ್ನು ತಿದ್ದುವ ವಾಯ್ಸ್ ಥೆರಪಿಯಿಂದಲೇ ಎಷ್ಟೋ ಗಂಟುಗಳು ಕರಗುತ್ತವೆ. ನನ್ನವು ಕರಗಲು ಮೂರು ತಿಂಗಳು ಹಿಡಿಯಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಯ ತೊಂದರೆಗಳಿಗೆ ತಪಾಸಣೆ, ಥೆರಪಿ ಎರಡೂ ಇವೆ.

ಇನ್ನೊಂದು ಕೆಲಸ ಮಾಡಿಡಿ. ಗಂಟಲು ಚೆನ್ನಾಗಿರುವಾಗ, ಕಾರ್ಯಕ್ರಮಗಳಿಲ್ಲದ ಒಂದು ವಾರ ನೋಡಿ, ಒಮ್ಮೆ ಧ್ವನಿತಂತುವಿನ ವಿಡಿಯೊ ತೆಗೆಸಿ ಪ್ರತಿ ಕೇಳಿ ಪಡೆದುಕೊಳ್ಳಿ. ಅದೇ ವಾರ ಸರಳಿ ವರಸೆಯನ್ನೂ ಒಂದು ವರ್ಣವನ್ನೂ ಹಾಡಿ ರೆಕಾರ್ಡ್ ಮಾಡಿ, ಎರಡನ್ನೂ ದಿನಾಂಕ ಹಾಕಿ ಒಂದೇ ಕಡೆ ಇಡಿ. ಮುಂದೆ ಯಾವತ್ತಾದರೂ ದನಿ ಕೆಟ್ಟು ವೈದ್ಯರೆದುರು ಕೂತಾಗ ಅವರು ಮೊದಲು ಕೇಳುವುದು, ಇದು ಮುಂಚೆ ಹೇಗಿತ್ತು ಎಂದು.