ದೂರದ ನೆಂಟನ ಮನೆಯಲ್ಲಿ ಐದು ರಾತ್ರಿ

ಸ್ಟುಟ್‌ಗಾರ್ಟ್‌ನಲ್ಲಿರುವ ಹುಡುಗ ನನಗೆ ಏನಾಗಬೇಕು ಎಂದು ಯಾರಾದರೂ ಕೇಳಿದರೆ ನಾನು ಬೆರಳು ಮಡಚಿ ಲೆಕ್ಕ ಹಾಕಬೇಕಿತ್ತು. ಅಮ್ಮನ ಸೋದರತ್ತೆಯ ಮಗಳ ಮಗ. ಅವನನ್ನು ನೋಡಿದ್ದು ಒಂದೇ ಸಲ, ಮುಂಬೈಯ ಮಾಟುಂಗಾದಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ. "ಅಕ್ಕಾ, ಆ ಕಡೆ ಬಂದ್ರೆ ನಮ್ಮನೆಗೇ ಬನ್ನಿ" ಎಂದಿದ್ದ. ಇಂಥ ಮಾತು ನಾವೆಲ್ಲ ಆಡುತ್ತೇವೆ, ಅಲ್ವಾ? ಜರ್ಮನಿಗೆ ಹೊರಟಾಗ ಅದನ್ನು ನಂಬಿ ಹೋಗುವುದೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ.

ಹಿಂಜರಿಕೆಗೆ ಕಾರಣ ಇತ್ತು. ನಾನು ಮುಂಬೈ ಪಕ್ಕದ ಡೊಂಬಿವಲಿಯ ಚಾಳಿನಲ್ಲಿ ಒಂದು ಖೋಲಿ, ಒಂದು ಅಡುಗೆಮನೆಯಲ್ಲಿ ಬೆಳೆದವಳು. ಗದಗ, ಹುಬ್ಬಳ್ಳಿ ಕಡೆಯಿಂದ ಟಾಟಾ ಆಸ್ಪತ್ರೆಗೆಂದು ಬಂದವರು, ಇಂಟರ್‌ವ್ಯೂಗೆ ಬಂದವರು, ದುಬೈ ವಿಮಾನ ಹತ್ತಲು ಬಂದವರು ಎಲ್ಲರೂ ನಮ್ಮಲ್ಲೇ ಉಳಿಯುತ್ತಿದ್ದರು. ಅಮ್ಮ ಒಬ್ಬರಿಗೂ ಇಲ್ಲ ಎನ್ನಲಿಲ್ಲ. ಆದರೆ ಎಷ್ಟು ದಿನ ಇರ್ತೀರಿ ಎಂದು ಕೇಳಲು ಅವಳಿಗೆ ಬಾಯಿ ಬರುತ್ತಿರಲಿಲ್ಲ, ರಾತ್ರಿ ಎಲ್ಲರೂ ಮಲಗಿದ ಮೇಲೆ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಕೇಳುವುದು ಮನೆಯವರಿಗೆ ಕಷ್ಟ. ಹೇಳುವುದು ಬಂದವರಿಗೆ ಅಷ್ಟು ಕಷ್ಟವಲ್ಲ.

ಅದಕ್ಕೇ ಅವನಿಗೆ ಕಳಿಸಿದ ಮೊದಲ ಮೆಸೇಜಿನಲ್ಲೇ ದಿನ ಬರೆದೆ. ಶುಕ್ರವಾರ ಸಂಜೆ ಬರ್ತೀವಿ, ಬುಧವಾರ ಬೆಳಿಗ್ಗೆ ಹೊರಡ್ತೀವಿ, ಅನುಕೂಲ ಇಲ್ಲದಿದ್ರೆ ಹೋಟೆಲ್ ನೋಡ್ಕೋತೀವಿ, ಖಂಡಿತ ಬೇಜಾರಿಲ್ಲ. ಒಂದು ಗಂಟೆಯಲ್ಲಿ ಉತ್ತರ ಬಂತು: "ಬುಧವಾರದವರೆಗೆ ಆರಾಮಾಗಿ ಇರಿ ಅಕ್ಕಾ, ಗುರುವಾರ ನಮ್ಮತ್ತೆ ಬರ್ತಾರೆ." ನಾನು ದಿನ ಹೇಳದೆ ಇದ್ದಿದ್ದರೆ ಅತ್ತೆ ಬರುವ ವಿಷಯ ಅವನು ಹೇಳುತ್ತಲೇ ಇರಲಿಲ್ಲ.

ವೀಸಾದ ವಿಷಯದಲ್ಲೂ ಅವನ ಮೇಲೆ ಭಾರ ಹಾಕಲಿಲ್ಲ. ಅತಿಥಿಗಳ ಖರ್ಚಿಗೆಲ್ಲ ನಾನೇ ಜವಾಬ್ದಾರ ಎಂದು ಅಲ್ಲಿರುವವರು ತಮ್ಮ ಊರಿನ ಕಚೇರಿಗೆ ಹೋಗಿ, ಸಂಬಳದ ಚೀಟಿ ತೋರಿಸಿ ಬರೆದುಕೊಡುವ ಪತ್ರವೊಂದಿದೆ. ಅಕಸ್ಮಾತ್ ನಾವು ಆಸ್ಪತ್ರೆ ಸೇರಿದರೆ ಬಿಲ್ಲು ಅವನ ತಲೆಗೆ ಬರಬಹುದು. ಒಂದೇ ಸಲ ನೋಡಿದ ಹುಡುಗನಿಂದ ಅದನ್ನು ಕೇಳುವುದು ನನಗೆ ಸರಿ ಕಾಣಲಿಲ್ಲ. ನಮ್ಮದೇ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟೆವು, ಅವನಿಂದ ಬರೀ ಒಂದು ಸಾದಾ ಆಹ್ವಾನ ಪತ್ರ ತರಿಸಿಕೊಂಡೆವು. ವಿಮೆಯನ್ನು ನಾವೇ ಮಾಡಿಸಿದೆವು, ಜರ್ಮನಿಯೂ ಸೇರಿ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋದ್ದು ಬೇಕು.

ಕೈಯಲ್ಲಿ ಏನು ಒಯ್ಯುವುದು ಎಂಬುದಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡೆ. ಧಾರವಾಡ ಪೇಡೆ, ತುಪ್ಪ ಎಲ್ಲ ಬಿಟ್ಟೆ, ಹೊರಗಿನ ಪ್ರಯಾಣಿಕರು ಹಾಲಿನ ಪದಾರ್ಥ ಮತ್ತು ಮಾಂಸವನ್ನು ಯೂರೋಪ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಕರಿಬೇವಿನ ಸೊಪ್ಪಿಗೂ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ದುರಿಯನ್ ಈ ಐದಕ್ಕೆ ಮಾತ್ರ ಬೇಡ. ಹಾಗಾಗಿ ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಬಾಕರವಡಿ, ಮತ್ತೆ ಒಂದು ತೆಂಗಿನಕಾಯಿ. ಅವನ ಹೆಂಡತಿ ಆ ಕಾಯಿಯನ್ನು ದೇವರ ಮುಂದೆ ಇಟ್ಟಳು.

ಒಂದು ತಪ್ಪು ಮಾಡಿದೆ. ಭಾನುವಾರ ಬೆಳಿಗ್ಗೆ ಐದೂವರೆಗೆ ಎದ್ದು, ಅವಳಿಗೆ ಸಹಾಯವಾಗಲಿ ಎಂದು ಚಟ್ನಿಗೆ ಮಿಕ್ಸರ್ ಹಾಕಿಬಿಟ್ಟೆ. ಅವನು ಓಡಿ ಬಂದ. ಅಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡಬಾರದು, ಭಾನುವಾರವಂತೂ ಇಡೀ ದಿನ ಶಾಂತವಾಗಿರಬೇಕು. ನಾವು ವಾಪಸ್ ಹೋದ ಮೇಲೂ ಕೆಳಗಿನ ಮನೆಯವರ ಮುಖ ನೋಡಬೇಕಾದವನು ಅವನು. ಕ್ಷಮೆ ಕೇಳಿದೆ. ಹೋದ ದಿನವೇ "ಈ ಮನೆಯಲ್ಲಿ ಏನು ಮಾಡಬಾರದು?" ಎಂದು ಕೇಳಬೇಕಿತ್ತು. ನೀವು ಕೇಳಿ.

ಸೋಮವಾರ ಅವರ ಬಾಗಿಲಿಗೆ ನೇತುಹಾಕಿದ್ದ ಸಣ್ಣ ಹಲಗೆ ಕಣ್ಣಿಗೆ ಬಿತ್ತು. ಕೇಳಿದೆ. ಅದು ಕೆಹ್ರ್‌ವೊಖೆ, ಅಂದರೆ ಗುಡಿಸುವ ವಾರ. ಆ ಸೀಮೆಯ ಹಳೆ ಪದ್ಧತಿ. ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ಅವರದು. ಚಾಳಿನಲ್ಲಿ ನಮಗೂ ಇದೇ ಪಾಳಿ ಇತ್ತು! ಅವಳ ಕೈಯಲ್ಲಿ ನಾಲ್ಕು ತಿಂಗಳ ಮಗು. ಬೇಡ ಬೇಡ ಎಂದರೂ ಬಿಡದೆ ನಾನೂ ನಮ್ಮವರೂ ಮೂರು ಮಹಡಿ ಒರೆಸಿದೆವು. ಅಲ್ಲಿಯವರೆಗೆ ಅವಳು ನನ್ನನ್ನು ಅತಿಥಿಯಂತೆ ನೋಡುತ್ತಿದ್ದಳು. ಸಂಜೆ ಮಗುವನ್ನು ನನ್ನ ಕೈಗೆ ಕೊಟ್ಟು ತಲೆಸ್ನಾನಕ್ಕೆ ಹೋದಳು.

ಊರು ತೋರಿಸು ಎಂದು ಅವನನ್ನು ಒಂದು ದಿನವೂ ಕೇಳಲಿಲ್ಲ, ರೈಲಿನ ದಿನದ ಟಿಕೆಟ್ ತೆಗೆದು ನಾವೇ ತಿರುಗಿದೆವು. ಮಂಗಳವಾರ ಟ್ಯೂಬಿಂಗನ್‌ಗೆ ಹೋಗುವುದಿತ್ತು, ಅಲ್ಲಿಂದ ಸುಮಾರು ಒಂದು ಗಂಟೆ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ 1903ರಲ್ಲಿ ತೀರಿಕೊಂಡ ಊರು ಅದು. ಹಾಗೆಂದಾಗ ಅವನು ಕೈಯಲ್ಲಿದ್ದ ಕಾಫಿ ಕೆಳಗಿಟ್ಟ. "ಆರು ವರ್ಷದಿಂದ ಇಲ್ಲಿದ್ದೀನಿ, ನಂಗೆ ಗೊತ್ತೇ ಇರ್ಲಿಲ್ಲ ಅಕ್ಕಾ" ಎಂದವನೇ ರಜೆ ಹಾಕಿ ನಮ್ಮ ಜೊತೆ ಹೊರಟ.

ವಾಪಸ್ ಬರುವಾಗ ರೈಲಿನಲ್ಲಿ ಮೆಲ್ಲಗೆ ಕೇಳಿದ, "ಅಕ್ಕಾ, ನಾವು ನಿಜವಾಗಿ ಹೇಗೆ ಸಂಬಂಧ?" ಟಿಕೆಟ್ಟಿನ ಹಿಂದೆ ಗೆರೆ ಎಳೆದು ಬರೆದು ತೋರಿಸಿದೆ. ಅದರ ಫೋಟೋ ತೆಗೆದು ಅಲ್ಲಿಂದಲೇ ಅವನ ಅಮ್ಮನಿಗೆ ಕಳಿಸಿದ. ಅವರು ಒಂದು ಗೆರೆ ತಪ್ಪಿದೆ ಎಂದು ಕೂಡಲೇ ಫೋನ್ ಮಾಡಿದರು.